ಕವಲುದಾರಿಯ ಬಿಲ್ವದ ಟೊಂಗೆ

ವಿಷಮಜ್ವರ ಬಿಟ್ಟ ಮೇಲೆ ನಮ್ಮ ಸುಲಭಾ ಹೊಸ್ತಿಲು ದಾಟಬೇಕಾದರೂ ನನ್ನ ಹೆಗಲು ಹಿಡಿಯಬೇಕಾಗಿತ್ತು. ಇಪ್ಪತ್ತೊಂದು ದಿನದ ಜ್ವರ ಅದು. ಹನ್ನೆರಡು ತುಂಬಿದ ಹುಡುಗಿ, ಎತ್ತಿಕೊಂಡರೆ ಬಿಸಿಲಿಗೆ ಒಣಗಿದ ಸೀರೆಯಷ್ಟು ಹಗುರ. ಮಾತು ಕಡಿಮೆಯಾಗಿತ್ತು. ಯಾರಾದರೂ ಮಾತಾಡಿಸಿದರೆ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು.

ಡಾಕ್ಟರರು ಕೊನೆಯ ಸಲ ಬಂದಾಗ ಚೀಟಿ ಬರೆಯಲಿಲ್ಲ. "ಇನ್ನ ಔಷಧ ಸಾಕು. ಹಿತ್ತಲ ದಾಟಿದರ ಗುಡ್ಡ ಅದ ನಿಮಗ. ದಿನಾ ಮುಂಜಾನೆ ನಡಸ್ರಿ. ಮೊದಲ ಒಂದು ಫರ್ಲಾಂಗು, ಆಮ್ಯಾಲ ಒಂದು ಮೈಲು. ಹಸಿವಿ ತಾನ ಬರ್ತದ" ಎಂದರು.

"ಹೆಣ್ಣ ಹುಡುಗೀನ್ನ ಗುಡ್ಡಾ ಹತ್ತಸೂದು ಯಾವ ಶಾಸ್ತ್ರದಾಗ ಅದ?" ಎಂದು ಅತ್ತೆಯವರು ಕೇಳಿದರು.

"ಡಾಕ್ಟರ ಶಾಸ್ತ್ರದಾಗ ಅದ" ಎಂದು ನಮ್ಮವರು ಕಚೇರಿಗೆ ಹೋಗಲು ರುಮಾಲು ಸುತ್ತುತ್ತ ಹೇಳಿದರು. ಅಲ್ಲಿಗೆ ಮಾತು ಮುಗಿಯಿತು. ನಡೆಸುವ ಕೆಲಸ ನನ್ನ ಪಾಲಿಗೆ ಬಂತು.

ಧಾರವಾಡದ ಅಂಚಿನ ಮನೆ ನಮ್ಮದು. ಬಾವಿಯ ಆಚೆ ಗಾಯರಾಣ ಶುರುವಾಗುತ್ತಿತ್ತು. ಅದಕ್ಕೆ ಬೇಲಿಯಿಲ್ಲ, ಒಡೆಯನಿಲ್ಲ. ಊರಿನ ದನ ಮೇಯುವುದಕ್ಕೆ ಅಜ್ಜ ಮುತ್ತಜ್ಜರ ಕಾಲದಿಂದ ಬಿಟ್ಟ ನೆಲ. ಅದನ್ನು ದಾಟಿದರೆ ಗುಡ್ಡ. ಗುಡ್ಡದ ಆ ಮಗ್ಗುಲು ರಾಯಾಪುರದ ಕಡೆ ಇಳಿದು ಹುಬ್ಬಳ್ಳಿ ರಸ್ತೆಗೆ ಕೂಡುತ್ತಿತ್ತು. ಹದಿನಾಲ್ಕು ವರ್ಷ ಆ ಮನೆಯಲ್ಲಿ ಬಾಳುವೆ ಮಾಡಿದ್ದ ನಾನು ಬಾವಿಯ ಆಚೆಗೆ ಹೆಜ್ಜೆ ಇಟ್ಟಿದ್ದು ಮಗಳ ಜ್ವರದಿಂದಲೇ.

ಭಾದ್ರಪದದಲ್ಲಿ ಶುರು ಮಾಡಿದೆವು. ಮೊದಲ ವಾರ ಹುಣಸೆಮರದ ತನಕ ಹೋಗಿ ಕುಳಿತು ಬರುತ್ತಿದ್ದೆವು. ಆಮೇಲೆ ಒಂದೊಂದೇ ಕಾಲುದಾರಿ ಹಿಡಿದು ಎಲ್ಲಿಗೆ ಹೋಗುತ್ತದೆ ಎಂದು ನೋಡುವ ಚಟ ಅವಳಿಗೆ ಹತ್ತಿತು. ದಾರಿಗಳಿಗೆ ಅವಳೇ ಹೆಸರಿಟ್ಟಳು. ಎಮ್ಮೆಗಳು ಇಳಿಯುವ ಜಾರು ಎಮ್ಮೆದಾರಿ. ಕವಲಿನಿಂದ ಬಲಕ್ಕೆ ನೆತ್ತಿಗೆ ನೆಟ್ಟಗೆ ಏರುವುದು ಏದುಸಿರಿನ ದಾರಿ. ಎಡಕ್ಕೆ ಗುಡ್ಡದ ಸೊಂಟ ಬಳಸಿ ಸಪಾಟಾಗಿ ಹೋಗುವುದು ಅಜ್ಜಿದಾರಿ. ಅಜ್ಜಿ ಕೂಡ ನಡೆಯಬಹುದು ಎಂದು ಆ ಹೆಸರು. ಎರಡೂ ನೆತ್ತಿಯ ಆಚೆಗಿನ ನೆಲ್ಲಿಮರದ ಹತ್ತಿರ ಕೂಡುತ್ತಿದ್ದವು. ಅಜ್ಜಿದಾರಿಯ ಕೆಳಗೆ, ರಸ್ತೆಗೆ ಖಡಿ ಬೇಕೆಂದು ಕಲ್ಲು ಒಡೆಯುತ್ತಿದ್ದರು. ದಿನವಿಡೀ ಸುತ್ತಿಗೆಯ ಟಣ್ ಟಣ್ ಕೇಳುತ್ತಿತ್ತು.

ಗುಡ್ಡದ ಮೇಲೆ ಅವಳಿಗೆ ಒಬ್ಬಳು ಗುರು ಸಿಕ್ಕಿದ್ದಳು, ಊರಿನ ಎಮ್ಮೆ ಕಾಯುವ ದುರಗವ್ವ. ಯಾವ ಹಕ್ಕಿ ಕೂಗಿದರೆ ಹಾವು ಹತ್ತಿರವಿದೆ, ಯಾವ ಹುಲ್ಲು ತುಳಿದರೆ ಕಾಲು ಜಾರುತ್ತದೆ, ಎಲ್ಲ ಪಾಠ ಅಲ್ಲಿ. ನಾನು ದೂರ ನಿಂತು "ಸುಲೂ, ಹೊತ್ತಾತು, ಬಾ" ಎಂದು ಕರೆಯುತ್ತಿದ್ದೆ. ಮನೆಯಲ್ಲಿ ಒಲೆ ಕಾಯುತ್ತಿರುತ್ತಿತ್ತು. ಮನೆಗೆ ಬಂದ ಮೇಲೆ ಅವಳು ಒರಳಿನ ಹತ್ತಿರ ಕುಕ್ಕರಗಾಲಲ್ಲಿ ಕುಳಿತು ಆ ದಿನದ ಪಾಠ ಒಪ್ಪಿಸುತ್ತಿದ್ದಳು.

"ಅವ್ವಾ, ಕೇಳು. ದಾರ್ಯಾಗ ಅಡ್ಡಾ ಹಸೀ ಟೊಂಗಿ ಇಟ್ಟು ಮ್ಯಾಲ ಕಲ್ಲ ಇಟ್ಟಿದ್ದರ ಏನ ತಿಳ್ಕೋಬೇಕು ಗೊತ್ತದೇನು?"

"ಹೂಂ" ಎಂದೆ ನಾನು. ಉಳಿದರ್ಧ ಮಾತು ರುಬ್ಬುವ ಗುಂಡಿನ ಸದ್ದಿನಲ್ಲಿ ಹೋಯಿತು. ಮಗಳು ಬಾಯಿ ತುಂಬ ಮಾತಾಡುತ್ತಿದ್ದಾಳಲ್ಲ ಎಂಬ ಸಮಾಧಾನದಲ್ಲಿ, ಏನು ಹೇಳುತ್ತಿದ್ದಾಳೆ ಎಂದು ಕೇಳುವುದನ್ನೇ ಬಿಟ್ಟಿದ್ದೆ.

ಕಾರ್ತಿಕದ ಮೊದಲ ಸೋಮವಾರ ಹತ್ತಿರ ಬಂದಾಗ ಅತ್ತೆಯವರೇ ಒಂದು ದಿನ ಬಾಯಿಬಿಟ್ಟರು. "ಗುಡ್ಡದ ಮ್ಯಾಲ ನೆಲ್ಲೀಗಿಡ ಅದ ಅಂತೀ. ಗಿಡದ ಬುಡಕ್ಕ ದೀಪಾ ಹಚ್ಚಿ, ನೈವೇದ್ಯ ಮಾಡಿ, ಅಲ್ಲೇ ಉಂಡು ಬರೋಣೇನು? ನಾ ಮದವಿಯಾಗಿ ಬಂದಾಗ ನಮ್ಮ ಅತ್ತಿ ಕರಕೊಂಡು ಹೋಗಿದ್ದರು."

ಸುಲಭಾ ಚಪ್ಪಾಳೆ ತಟ್ಟಿದಳು. "ನಿಮ್ಮ ದಾರಿ ತೋರಸ್ತೀನಿ ಬರ್ರಿ ಅಜ್ಜಿ. ನಿಮ್ಮ ಹೆಸರಿಂದ ಒಂದು ದಾರಿನ ಅದ."

"ನಾ ಸತ್ತ ಮ್ಯಾಲ ಹೆಸರ ಇಡಬೇಕಿಲ್ಲೇನ, ಹುಚ್ಚಿ" ಎಂದು ಅತ್ತೆಯವರು ನಕ್ಕರು.

ಆ ಸೋಮವಾರ ಬೆಳಗಾಗುವ ಮೊದಲೇ ಸ್ನಾನ ಮಾಡಿ, ಮಡಿ ಉಟ್ಟು, ಚಿತ್ರಾನ್ನ, ಹೆಸರುಬೇಳೆ ಕೋಸಂಬರಿ, ಮೊಸರನ್ನ ಮಾಡಿ ಹಿತ್ತಾಳೆ ಡಬ್ಬಿಗೆ ತುಂಬಿದೆ. ಬಾಗಿಲು ತೆರೆದರೆ ಬಾವಿಯ ಗಡಗಡಿಯೂ ಕಾಣದಷ್ಟು ಮಂಜು. ಒಂದು ಗಳಿಗೆ, ಬೇಡ ಎನ್ನಲೇ ಎಂದುಕೊಂಡೆ. ಅತ್ತೆಯವರು ಆಗಲೇ ಕೋಲು ಹಿಡಿದು ನಿಂತಿದ್ದರು.

ನೈವೇದ್ಯದ ಅಡಿಗೆ ನನ್ನ ಕೈಯಲ್ಲಿತ್ತು. ಮಡಿಯಲ್ಲಿರುವವಳು ಎಲ್ಲರ ಸಂಗಡ ನಡೆದರೆ ಯಾರ ಸೆರಗಾದರೂ ತಾಕುತ್ತದೆ. ಅದಕ್ಕೇ ನಾನು ಮುಂದೆ ಹೋಗಿ ಗಿಡದ ಬುಡ ಗುಡಿಸಿ ರಂಗೋಲಿ ಹಾಕಿಟ್ಟಿರುವುದು, ಅಜ್ಜಿ ಮೊಮ್ಮಗಳು ಹಿಂದೆ ನಿಧಾನವಾಗಿ ಬರುವುದು ಎಂದು ಮಾತಾಯಿತು.

"ಕವಲಿನ್ಯಾಗ ಅಜ್ಜಿದಾರಿ ಹಿಡಿ. ಅಜ್ಜಿ ಕೈ ಬಿಡಬ್ಯಾಡ" ಎಂದೆ ಸುಲಭಾಳಿಗೆ.

"ನನಗ ಹೇಳ್ತೀಯೇನ ಅವ್ವಾ?" ಎಂದಳು ಅವಳು. ಜ್ವರ ಬಂದ ಮೇಲೆ ಅಷ್ಟು ಗಟ್ಟಿ ದನಿ ಅವಳ ಬಾಯಿಂದ ಕೇಳಿದ್ದು ಅದೇ ಮೊದಲು.

ಮಂಜಿನಲ್ಲಿ ಗುಡ್ಡ ಬೇರೆಯೇ ಆಗಿತ್ತು. ದಿನಾ ನೋಡುವ ಹುಣಸೆಮರ ಹತ್ತು ಮಾರಿನಿಂದ ತಟ್ಟನೆ ಎದುರಿಗೆ ಬಂತು. ಹುಲ್ಲು ಸೊಂಟದ ತನಕ ಬೆಳೆದು, ಇಬ್ಬನಿಗೆ ಬಾಗಿ, ಸೀರೆಯ ಅಂಚನ್ನು ತೋಯಿಸುತ್ತಿತ್ತು. ಹಿಂದೆ ಅತ್ತೆಯವರ ಕೋಲಿನ ಸದ್ದು ಸ್ವಲ್ಪ ಹೊತ್ತು ಕೇಳಿತು. ಆಮೇಲೆ ಅದೂ ನಿಂತಿತು.

ಕವಲಿಗೆ ಬಂದೆ. ಎಡದ ದಾರಿಯ ಬಾಯಿಗೆ ಒಂದು ಟೊಂಗೆ ಅಡ್ಡ ಬಿದ್ದಿತ್ತು. ಬಗ್ಗಿ ನೋಡಿದರೆ ಬಿಲ್ವ. ಹಸಿರು ಹಸಿರಾದ ಮೂರೆಲೆಯ ದಳಗಳು, ಒಂದೂ ಹರಿದಿರಲಿಲ್ಲ, ಒಂದೊಂದರ ತುದಿಗೂ ಇಬ್ಬನಿಯ ಹನಿ. ಅದರ ನಡುವೆ ಬೊಗಸೆಯಷ್ಟು ದೊಡ್ಡ ಕಲ್ಲು.

ಕಾರ್ತಿಕ ಸೋಮವಾರದ ದಿನ ಬಿಲ್ವಪತ್ರಿ ಮಣ್ಣಿನಲ್ಲಿ ಬಿದ್ದಿದೆ, ಮೇಲೆ ಕಲ್ಲು ಬೇರೆ. ಹಿಂದೆ ಅತ್ತೆಯವರು ಬರುತ್ತಿದ್ದಾರೆ, ಅವರಿಗೆ ಕಣ್ಣು ಮಂದ. ಕಾಣದೆ ತುಳಿದರೆ ಆಮೇಲೆ ಎಷ್ಟು ದಿನ ಮನಸ್ಸಿಗೆ ಹಚ್ಚಿಕೊಂಡು ಕೊರಗುತ್ತಾರೋ. ಡಬ್ಬಿಯನ್ನು ಹುಲ್ಲಿನ ಮೇಲಿಟ್ಟು, ಕಲ್ಲನ್ನು ಸರಿಸಿ, ಟೊಂಗೆ ಎತ್ತಿ ಕಣ್ಣಿಗೊತ್ತಿಕೊಂಡೆ. ಇಡುವುದಕ್ಕೆ ಶುಚಿಯಾದ ಜಾಗ ಬೇಕಲ್ಲ? ಬಲದ ದಾರಿಯ ಬಾಯಿಗೆ ಒಂದು ಚಪ್ಪಟೆ ಬಂಡೆ ಮಲಗಿತ್ತು, ಅದನ್ನು ಬಳಸಿ ಹತ್ತಬೇಕು. ಅದರ ಮೇಲೆ ಟೊಂಗೆಯನ್ನು ಅಡ್ಡವಾಗಿ, ಜಾರದಂತೆ ಬುಡಕ್ಕೊಂದು ಕಲ್ಲು ಒತ್ತಿ, ದೇವರ ಮುಂದೆ ಇಟ್ಟ ಹಾಗೆ ಇಟ್ಟೆ. ಆಮೇಲೆ ಬಂಡೆಯನ್ನು ಬಳಸಿ ಏದುಸಿರಿನ ದಾರಿ ಹಿಡಿದೆ. ಅದು ಹತ್ತಿರದ ದಾರಿ.

ನೆಲ್ಲಿಮರದ ಬುಡ ಗುಡಿಸಿದೆ, ನೀರು ಚಿಮುಕಿಸಿದೆ, ರಂಗೋಲಿ ಎಳೆದೆ. ಬಿದ್ದ ನೆಲ್ಲಿಕಾಯಿ ಬಿಟ್ಟು, ಗಿಡದಲ್ಲಿದ್ದ ದಪ್ಪ ಕಾಯಿಗಳನ್ನೇ ಕಿತ್ತು, ಮೇಲ್ಭಾಗ ಕೊರೆದು, ತುಪ್ಪದ ಬತ್ತಿ ಇಡಲು ಗುಳಿ ಮಾಡುತ್ತ ಕುಳಿತೆ. ಐದು ದೀಪ ಸಿದ್ಧವಾದವು. ಇನ್ನೂ ಅವರ ಸುಳಿವಿಲ್ಲ.

ಅತ್ತೆಯವರ ನಡಿಗೆ ಎಷ್ಟೆಂದು ನನಗೆ ಗೊತ್ತು. ಹತ್ತು ಹೆಜ್ಜೆಗೊಮ್ಮೆ ನಿಂತು, ಮೊಣಕಾಲನ್ನು ಬೈದು, ಶಿವನ ಹೆಸರು ಹೇಳಿ ಮುಂದೆ ಹೊರಡುತ್ತಾರೆ. ಬರುತ್ತಾರೆ ಎಂದುಕೊಂಡೆ. ಇನ್ನೆರಡು ಕಾಯಿ ಕೊರೆದೆ. ಬೇಕಾದದ್ದು ಐದೇ. ಕೈ ಸುಮ್ಮನಿರಲೊಲ್ಲದು. ಹುಡುಗಿಗೆ ತಲೆ ತಿರುಗಿರಬಹುದೇ? ಬೆಳಿಗ್ಗೆ ಹಾಲು ಅರ್ಧ ಲೋಟ ಬಿಟ್ಟಿದ್ದಳು. ನಾನು ಒತ್ತಾಯ ಮಾಡಿರಲಿಲ್ಲ. ಅಜ್ಜಿ ಕುಸಿದು ಕುಳಿತರೆ ಅವಳೊಬ್ಬಳೇ ಎಬ್ಬಿಸಬಲ್ಲಳೇ? ಹೋಗಿ ನೋಡೋಣವೆಂದರೆ ನೈವೇದ್ಯ ಬಿಟ್ಟು ಏಳುವ ಹಾಗಿಲ್ಲ.

ಆಗ ಕೆಳಗಿನ ಸುತ್ತಿಗೆಯ ಸದ್ದು ನಿಂತಿತು.

ಅಷ್ಟು ಹೊತ್ತು ಅದು ಕೇಳುತ್ತಿತ್ತೆಂಬುದೇ ನಿಂತ ಮೇಲೆ ಗೊತ್ತಾಯಿತು. ಗುಡ್ಡವೆಲ್ಲ ಕಿವಿ ಮುಚ್ಚಿಕೊಂಡ ಹಾಗಾಯಿತು. ಮಂಜಿನೊಳಗಿಂದ ಎಮ್ಮೆಗಳು ಒಂದರ ಹಿಂದೊಂದು ಏರಿ ಬಂದವು. ಹಿಂದೆ ಕೋಲು ಬೀಸುತ್ತ ದುರಗವ್ವ.

"ಅವ್ವಾರ, ಒಬ್ಬರ ಕುಂತೀರಲ್ರಿ? ನಮ್ಮ ಸಣ್ಣವ್ವ ಎಲ್ಲಿ?"

"ಬರ್ಲಿಕ್ಕೆ ಹತ್ಯಾಳ, ಅಜ್ಜಿ ಜೋಡಿ. ಕೆಳಗಿನ ದಾರೀಲೆ."

"ಕೆಳಗಿನ ದಾರಿ ಬಂದ್ ಐತೆಲ್ರಿ! ಇವತ್ತ ಸುರಂಗ ಹಾರಸ್ತಾರ. ಬಂಡಿಗಲ್ಲಿಗೆ ತೂತ ಹೊಡದು ಮದ್ದ ತುಂಬ್ಯಾರ. ಅದಕ್ಕ ನಾ ಎಮ್ಮಿ ಮ್ಯಾಲ ಹೊಡಕೊಂಡ ಬಂದೇನಿ." ನನ್ನ ಮುಖ ನೋಡಿ ಅವಳೇ ಸಮಾಧಾನ ಹೇಳಿದಳು. "ಅಂಜಬ್ಯಾಡ್ರಿ. ಕಲ್ಲ ಒಡಸೋ ಹುಸೇನಬಾಷಾ ನಸಿಕಿನ್ಯಾಗ ಕವಲಿಗೆ ಟೊಂಗಿ ಇಟ್ಟು ಬಂದಾನ. ಹಸೀ ಟೊಂಗಿ, ಮ್ಯಾಲ ಕಲ್ಲ ಅಂದ್ರ ಆ ದಾರಿ ತುಳೀಬಾರದಂತ ಸಣ್ಣವ್ವಗ ಕಲಿಸೇನಿ. ಒಂದ ಹೆಜ್ಜಿ ಇಡಂಗಿಲ್ಲ ಆಕಿ."

"ಯಾವ ಟೊಂಗಿ?" ಎಂದೆ. ಕೇಳುವ ಮೊದಲೇ ಉತ್ತರ ಗೊತ್ತಿತ್ತು.

"ಪತ್ರೀದು. ಅಲ್ಲೇ ಗಿಡಾ ಐತಿ."

ನೆಲ್ಲಿಕಾಯಿ ಕೈಯಿಂದ ಉರುಳಿತು. "ದುರಗವ್ವಾ, ನಾ ಎತ್ತಿಬಿಟ್ಟೆ. ಪತ್ರಿ ತುಳೀಬಾರದು ಅಂತ… ಎತ್ತಿ ಬಲಗಡೆ ದಾರೀಗೆ ಇಟ್ಟೆ."

ಅವಳು ಬಾಯಿಗೆ ಸೆರಗು ಹಚ್ಚಿದಳು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ನಾ ಎಮ್ಮಿದಾರಿ ಇಳದು ಹುಸೇನಬಾಷಾಗ ಕೂಗಿ ಹೇಳತೇನಿ. ನೀವು ಕವಲಿಗೆ ಓಡ್ರಿ" ಎಂದವಳೇ ಜಾರಿನಲ್ಲಿ ಇಳಿದು ಮಂಜಿನಲ್ಲಿ ಮರೆಯಾದಳು.

ನಾನು ಓಡಿದೆ. ಹದಿನಾಲ್ಕು ವರ್ಷದಲ್ಲಿ ಓಡಿದವಳಲ್ಲ. ಕಚ್ಚೆ ಬಿಗಿದುಕೊಂಡು, ಏರಿದ ದಾರಿಯನ್ನು ಜಾರುತ್ತ, ಮುಳ್ಳು ಹಿಡಿದು ತಡೆದುಕೊಳ್ಳುತ್ತ ಇಳಿದೆ. ಕವಲಿನಲ್ಲಿ ಯಾರೂ ಇರಲಿಲ್ಲ. ಬಂಡೆಯ ಮೇಲೆ ಬಿಲ್ವದ ಟೊಂಗೆ ನಾನಿಟ್ಟ ಹಾಗೆಯೇ ಇತ್ತು. ಎಡದ ದಾರಿಯ ಒದ್ದೆ ಮಣ್ಣಿನಲ್ಲಿ ಅತ್ತೆಯವರ ಕೋಲು ಊರಿದ ದುಂಡು ಗುರುತುಗಳು, ಅವುಗಳ ಪಕ್ಕದಲ್ಲಿ ಸಣ್ಣ ಪಾದ. ಬೆರಳು ಐದೂ ಮೂಡಿದ್ದವು.

"ಸುಲೂ! ಸುಲೂ, ಹೊಳ್ಳಿ ಬಾ!"

ಮಂಜಿನಲ್ಲಿ ಕೂಗು ನನ್ನ ಬಾಯಿಯ ಹತ್ತಿರವೇ ಉಳಿಯಿತು. ಎಡದ ದಾರಿ ಹಿಡಿದು ಓಡಿದೆ. ಕೆಳಗೆ ಎಲ್ಲೋ ತಗಡಿನ ಡಬ್ಬಿ ಬಡಿಯತೊಡಗಿದರು, ದೂರ ಹೋಗಿರೆಂದು ಹೇಳುವ ಸದ್ದು ಅದು. ಡಬ್ಬಿಯ ನಡುನಡುವೆ ದುರಗವ್ವನ ಉದ್ದನೆಯ ಕೂಗು, "ಹೋ… ಮಂದಿ ಅದಾರೋ… ಮಂದೀ…" ಡಬ್ಬಿ ನಿಂತಿತು. ನಾನು ಹರಕೆ ಹೊರಲಿಲ್ಲ, ದೇವರ ಹೆಸರು ಕೂಡ ನೆನಪಾಗಲಿಲ್ಲ. ಬಿಟ್ಟ ಅರ್ಧ ಲೋಟ ಹಾಲೊಂದೇ ಕಣ್ಣ ಮುಂದೆ ಇತ್ತು.

ನೆಲ ಎದೆಗೆ ಒದ್ದ ಹಾಗಾಯಿತು. ಸದ್ದು ಆಮೇಲೆ ಬಂತು. ನಾನು ಮೊಣಕಾಲ ಮೇಲೆ ಬಿದ್ದೆ. ಸುತ್ತಲಿನ ಎಲೆಗಳ ಮೇಲೆ ಆಣೆಕಲ್ಲಿನ ಮಳೆಯ ಹಾಗೆ ಚೂರುಗಳು ಪಟಪಟ ಉದುರಿದವು. ಆಮೇಲೆ ಏನೂ ಇಲ್ಲ. ಒಂದು ಹಕ್ಕಿ ಕೂಡ ಇಲ್ಲ. ಅಷ್ಟು ಹೊತ್ತು, ಅದು ಎಷ್ಟು ಹೊತ್ತೋ, ನಾನು ಏಳಲಿಲ್ಲ. ಎದ್ದು ಮುಂದೆ ಹೋದರೆ ಏನು ಕಾಣುತ್ತದೋ ಎಂದು.

"ಮುಟ್ಟಬ್ಯಾಡಪಾ ಅಂದ್ರ ಕೇಳಲಿಲ್ಲ ನೀ! ಇವತ್ತ ಸೋಮವಾರ!"

ಅತ್ತೆಯವರ ದನಿ.

"ಜೀವ ಇದ್ರ ಮುಂದಿನ ವಾರಾನೂ ಸೋಮವಾರ ಬರ್ತೈತ್ರೀ ಅಮ್ಮಾರ" ಎಂದಿತು ಗಂಡಸಿನ ಏದುಸಿರಿನ ದನಿ.

ತಿರುವಿನಲ್ಲಿ ಆನೆಯಂಥ ಒಂದು ಬಂಡೆ. ಅದರ ಮರೆಯಲ್ಲಿ ಮೂವರೂ ಇದ್ದರು. ಕಲ್ಲು ಒಡೆಯುವ ಗುಂಪಿನ ಮುಕಾದಮ ಹುಸೇನಬಾಷಾ, ನೆರೆತ ಗಡ್ಡದ ತುಂಬ ಧೂಳು, ಎರಡೂ ತೋಳು ಚಾಚಿ ಅವರಿಬ್ಬರನ್ನು ಬಂಡೆಗೆ ಒತ್ತಿ ನಿಂತಿದ್ದವರು ಆಗಷ್ಟೇ ಹಿಂದೆ ಸರಿಯುತ್ತಿದ್ದರು. ಬತ್ತಿಗೆ ಬೆಂಕಿ ಹಚ್ಚಿ ತಾವೂ ಮರೆಗೆ ಓಡುವಾಗ ದುರಗವ್ವನ ಕೂಗು ಕಿವಿಗೆ ಬಿದ್ದಿತ್ತಂತೆ. ಹೊರಳಿ ನೋಡಿದರೆ ಮಂಜಿನೊಳಗೆ ಮುದುಕಿಯ ಶಿವನಾಮ. ಓಡಿ ಬಂದು ಇಬ್ಬರ ರಟ್ಟೆ ಹಿಡಿದು ಎಳೆದಿದ್ದರು.

ಸುಲಭಾಳ ಹಣೆಯ ಮೇಲೆ ಒಂದು ಗೀರು ಬಿಟ್ಟರೆ ಬೇರೇನೂ ಇರಲಿಲ್ಲ. ಮಡಿ ಎಲ್ಲಿ ಹೋಯಿತೋ, ಅವಳನ್ನು ಅಪ್ಪಿಕೊಂಡು ತಲೆ, ಬೆನ್ನು, ಕೈ, ಬೆರಳು ಎಲ್ಲ ಮುಟ್ಟಿ ಮುಟ್ಟಿ ನೋಡಿದೆ.

"ಅವ್ವಾ, ನಾ ಟೊಂಗಿ ನೋಡೇ ಬಂದೆ" ಎಂದಳು. "ಅದು ಆ ದಾರೀಗೆ ಇತ್ತು. ಖರೇನ ಆ ದಾರೀಗೆ ಇತ್ತು."

"ನಾ ಇಟ್ಟದ್ದು ಈ ದಾರೀಗೆ" ಎಂದರು ಹುಸೇನಬಾಷಾ. "ಮೂವತ್ತ ವರ್ಷ ಆತು, ನಾ ಇಟ್ಟ ಟೊಂಗಿ ಯಾರೂ ಎತ್ತಿಲ್ಲ. ದನಾ ಕಾಯೋ ಸಣ್ಣ ಹುಡುಗರೂ ಮುಟ್ಟಂಗಿಲ್ಲ."

"ಯಾರ ಎತ್ತತಾರ? ಈಕಿನ ತಪ್ಪ ನೋಡ್ಯಾಳ" ಎಂದರು ಅತ್ತೆಯವರು. ಅಂಜಿಕೆಯೆಲ್ಲ ಸಿಟ್ಟಾಗಿ ಹೊರಗೆ ಬರುತ್ತಿತ್ತು. "ಎಡಾ ಯಾವದು ಬಲಾ ಯಾವದು ತಿಳೀದ ಹುಡುಗಿ, ಎಲಿ ನೋಡಿ ದಾರಿ ಹೇಳ್ತದಂತ! ಸಾಕು. ನಾಳಿಂದ ಗುಡ್ಡಾ ಬಂದ್. ಮನ್ಯಾಗ ಕೂತು ಗಂಜಿ ಕುಡದು ಆರಾಮ ಆಗ್ಲಿ."

ಸುಲಭಾ ಮೆಲ್ಲಗೆ ತಿರುಗಿ ಬಂಡೆಯ ಕಡೆ ಮುಖ ಮಾಡಿ ನಿಂತಳು. ಆ ಬೆನ್ನು ನನಗೆ ಗೊತ್ತಿತ್ತು. ಇಪ್ಪತ್ತೊಂದು ದಿನ ಹಾಸಿಗೆಯ ಮೇಲೆ ನಾನು ನೋಡಿದ್ದು ಅದೇ ಬೆನ್ನನ್ನು.

ಅಷ್ಟರಲ್ಲಿ ದುರಗವ್ವ ಏರಿ ಬಂದಿದ್ದಳು. ನನ್ನನ್ನು ಒಮ್ಮೆ ನೋಡಿ ಕಣ್ಣು ಬೇರೆ ಕಡೆ ತಿರುಗಿಸಿದಳು. ಅವಳು ಹೇಳುವುದಿಲ್ಲ. ನಾನು ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಅತ್ತೆಯವರ ಮುಂದೆ ಹದಿನಾಲ್ಕು ವರ್ಷ ಒಂದು ತಪ್ಪೂ ಒಪ್ಪಿಕೊಳ್ಳುವ ಪ್ರಸಂಗ ಬರದ ಹಾಗೆ ನಡೆದುಕೊಂಡವಳು ನಾನು.

"ನಾ ಎತ್ತಿದೆನ್ರಿ" ಎಂದೆ.

ಅತ್ತೆಯವರು ನನ್ನ ಕಡೆ ತಿರುಗಿದರು.

"ಆಕೀ ತಪ್ಪಿಲ್ಲ. ಟೊಂಗಿ ಈ ದಾರೀಗೇ ಇತ್ತು. ನಾ ಎತ್ತಿ ಕಣ್ಣಿಗೆ ಹಚ್ಕೊಂಡು ಆ ಬಂಡಿ ಮ್ಯಾಲ ಇಟ್ಟೆ. ಆಕಿ ಓದಿದ್ದು ಬರೋಬ್ಬರಿ ಅದ. ನಾ ಬರದದ್ದು ತಪ್ಪು."

"ಬಿಲ್ವ ಇತ್ತೇನು?" ಎಂದು ಅತ್ತೆಯವರು ಕೇಳಿದರು.

"ಹೌದ್ರಿ."

"ನೆಲದ ಮ್ಯಾಲ?"

"ಹೌದ್ರಿ. ಮ್ಯಾಲ ಕಲ್ಲ ಇತ್ತು."

ಅವರು ಕೋಲಿನಿಂದ ಮಣ್ಣು ಕೆದರಿದರು. "ಮತ್ತ ಏನ ಮಾಡ್ತಿದ್ದಿ? ನಾ ಇದ್ದರ ನಾನೂ ಎತ್ತತಿದ್ದೆ." ಆಮೇಲೆ ಹುಸೇನಬಾಷಾರ ಕಡೆ ತಿರುಗಿದರು. "ನಿನಗ ಬ್ಯಾರೇ ಗಿಡಾ ಸಿಗಲಿಲ್ಲೇನಪಾ, ಇಷ್ಟ ದೊಡ್ಡ ಗುಡ್ಡದಾಗ?"

"ಕೈಗೆ ಅದ ಸಿಕ್ತ್ರೀ ಅಮ್ಮಾರ. ಮಂಜಿನ್ಯಾಗ ಗಿಡದ ಕುಲಾ ಗೋತ್ರ ಯಾರ ಕೇಳ್ಯಾರ?"

ದುರಗವ್ವ ಫಕ್ಕನೆ ನಕ್ಕಳು. ಅತ್ತೆಯವರು ನಗಲಿಲ್ಲ, ಆದರೆ ಏರಿನಲ್ಲಿ ಹುಸೇನಬಾಷಾ ಚಾಚಿದ ಹೆಗಲವಸ್ತ್ರದ ತುದಿಯನ್ನು ಹಿಡಿದುಕೊಂಡೇ ಮೇಲೆ ಬಂದರು.

ನೆಲ್ಲಿಮರದ ಹತ್ತಿರ ಹೋಗುವಷ್ಟರಲ್ಲಿ ಎಮ್ಮೆಗಳು ನೈವೇದ್ಯ ಮುಗಿಸಿದ್ದವು. ಡಬ್ಬಿ ಉರುಳಿ ಬಿದ್ದಿತ್ತು, ರಂಗೋಲಿಯ ತುಂಬ ಗೊರಸಿನ ಗುರುತು, ಒಂದು ಎಮ್ಮೆಯ ಮೂತಿಗೆ ಮೊಸರನ್ನ. "ನಮ್ಮವು ಇವತ್ತ ಮಡೀಲೆ ಉಂಡಾವ" ಎಂದಳು ದುರಗವ್ವ ಹೆದರುತ್ತ. ಅತ್ತೆಯವರು ಉಳಿದ ಏಳು ನೆಲ್ಲಿಕಾಯಿಯಲ್ಲಿ ಏಳೂ ದೀಪ ಹಚ್ಚಿಸಿದರು. ಐದು ಸಾಕು ಎಂದು ಯಾರೂ ಹೇಳಲಿಲ್ಲ.

ಸುಲಭಾ ಮಾತ್ರ ನನ್ನ ಹತ್ತಿರ ಬರಲಿಲ್ಲ. ಇಳಿಯುವಾಗ ಕವಲಿನಲ್ಲಿ ನಿಂತು, ಬೇರೆ ಕಡೆ ನೋಡುತ್ತ ಹೇಳಿದಳು. "ನಿನಗ ಹೇಳಿದ್ದೆ ಅವ್ವಾ. ನೀ ರುಬ್ಬಲಿಕ್ಕೆ ಹತ್ತಿದ್ದಿ. ಹೂಂ ಅಂದಿದ್ದಿ."



ಮರುದಿನ ಬೆಳಿಗ್ಗೆ ನಾನು ಅವಳನ್ನು ಎಬ್ಬಿಸಲಿಲ್ಲ. ಎಬ್ಬಿಸುವ ಧೈರ್ಯವಿರಲಿಲ್ಲ. ಅವಳೇ ಎದ್ದು, ಮುಖ ತೊಳೆದು, ಲೋಟದ ಹಾಲು ಪೂರ್ತಿ ಕುಡಿದು, ಹಿತ್ತಲ ಬಾಗಿಲಲ್ಲಿ ನಿಂತಳು. ಅತ್ತೆಯವರು ಜಪಮಾಲೆಯಿಂದ ಕಣ್ಣೆತ್ತಿದರು, ಮತ್ತೆ ಜಪಕ್ಕೆ ಇಳಿದರು. ನಾನು ಒಲೆಯ ಉರಿ ತಗ್ಗಿಸಿ ಹೊರಟೆ.

ಅಂದು ಮಂಜಿರಲಿಲ್ಲ. ಕವಲಿನ ತನಕ ಅವಳು ಮುಂದೆ ಮುಂದೆ ನಡೆದಳು. ಅಲ್ಲಿ ಲಕ್ಕಿಗಿಡದ ಒಂದು ಟೊಂಗೆ ಮುರಿದು ನನ್ನ ಕೈಗೆ ಕೊಟ್ಟಳು.

"ಇಡು ನೋಡೋಣ."

ಇಟ್ಟೆ. ಅವಳು ತಲೆ ಅಲ್ಲಾಡಿಸಿದಳು. ಎತ್ತಿ ದಾರಿಗೆ ಅಡ್ಡವಾಗಿ ತಿರುಗಿಸಿ, ನಡುವೆ ಕಲ್ಲು ಇಟ್ಟು ತೋರಿಸಿದಳು. ಕಲ್ಲು ಯಾಕೆಂದರೆ ಗಾಳಿಗೆ ಬಿದ್ದದ್ದಲ್ಲ, ಮನುಷ್ಯ ಇಟ್ಟದ್ದು ಎಂದು ತಿಳಿಯಲಿಕ್ಕೆ. ನಾಲ್ಕು ಸಲ ಇಡಿಸಿದಳು. ಆಮೇಲೆ ಎಲ್ಲ ತೆಗೆದು ದಾರಿ ಬಿಡಿಸಿ, "ನೀ ಇಲ್ಲೇ ನಿಲ್ಲು. ನಾ ಒಬ್ಬಾಕಿನ ನೆಲ್ಲೀಗಿಡದ ತನಕ ಹೋಗಿ ಕೂಗ್ತೀನಿ, ಆಮ್ಯಾಲ ಬಾ" ಎಂದಳು.

ಕೆಳಗೆ ಸುತ್ತಿಗೆ ಟಣ್ ಟಣ್ ಎನ್ನುತ್ತಿತ್ತು, ನಿಲ್ಲದಿರಲಿ ಎಂದು ಅದಕ್ಕೇ ಬೇಡಿಕೊಂಡೆ.

"ಹೋಗು" ಎಂದೆ.

ನಾಲ್ಕು ಹೆಜ್ಜೆ ಹೋದವಳು ತಿರುಗಿದಳು. "ಟೊಂಗಿ ಮ್ಯಾಲ ಕಲ್ಲ ಇದ್ದರ ಏನು?"

"ಹೂಂ…" ಎಂದು ಬಾಯಿಗೆ ಬಂತು.

"ಹೂಂ ಅನಬ್ಯಾಡ. ಹೇಳು."

"ಆ ದಾರಿ ತುಳೀಬಾರದು."

"ಮತ್ತ?"

"ಟೊಂಗಿ ಎತ್ತಬಾರದು. ಅದು ಯಾವ ಗಿಡದ್ದ ಇರ್ಲಿ."

ಅವಳು ತೃಪ್ತಿಯಿಂದ ತಲೆಯಾಡಿಸಿ ಏದುಸಿರಿನ ದಾರಿ ಹತ್ತಿದಳು. ಅವಳ ಲಂಗದ ಅಂಚು ಹುಲ್ಲಿನಲ್ಲಿ ಮರೆಯಾದ ಮೇಲೂ ನಾನು ಅಲ್ಲಿಂದ ಕದಲಲಿಲ್ಲ. ಕೂಗು ಬರುವ ತನಕ ಆ ಪಾಠವನ್ನೇ ಬಾಯಲ್ಲಿ ಹೇಳಿಕೊಳ್ಳುತ್ತ ನಿಂತೆ.